ಎರಡನೇ ಫ್ಲ್ಯಾಟು ಮತ್ತು ಕಸೂತಿ ಸೂಜಿ: ಒಂದು ಪ್ರಕರಣ

"ಅಕ್ಕಾರ, ಒಂದ ಮಾತಿನ್ಯಾಗ ಹೇಳ್ರಿ. ನಾನು ಕೆಲಸ ಬಿಡಬಹುದೋ, ಇಲ್ಲೋ?"

2023ರ ಮಾರ್ಚ್ ತಿಂಗಳ ಒಂದು ಭಾನುವಾರ. ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಅವರು ಕೇಳಿದ್ದು ಇಷ್ಟೇ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ಸಂಬಳದ ಚೀಟಿ, ಸಾಲದ ಸ್ಟೇಟ್‌ಮೆಂಟು, ಪಿಎಫ್ ಪಾಸ್‌ಬುಕ್ಕಿನ ಪ್ರಿಂಟು.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು. ಪರಿಚಯದವರು ಮನೆ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಇಬ್ಬರೂ ಕೂತು ನೋಡುತ್ತೇವೆ, ಅಷ್ಟೆ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೀಗೆ ನೋಡಿದ ಮನೆಗಳಲ್ಲಿ ಇದೊಂದನ್ನು ಬರೆದಿಡಬೇಕು ಅನ್ನಿಸಿತು. ಅವರನ್ನು ಕೇಳಿದೆ, ಒಪ್ಪಿದರು. ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಮೊತ್ತಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಆದರೆ ಲೆಕ್ಕದ ರೂಪ ಹಾಗೇ ಇದೆ. ಅವರನ್ನು ಶಾರದಾ ಅಂತ ಕರೆಯೋಣ, ಅವರ ಯಜಮಾನರನ್ನು ಮಹೇಶ್ ಅಂತ.

ಹಿನ್ನೆಲೆ

ಶಾರದಾ ಧಾರವಾಡದ ಕಡೆಯವರು. ಆಗ ಅವರಿಗೆ 45 ವರ್ಷ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಮ್ಯಾನೇಜರ್ ಆಗಿದ್ದರು. ಕೈಗೆ ಬರುವ ಸಂಬಳ ತಿಂಗಳಿಗೆ 1,85,000. ಮಹೇಶ್ ಒಂದು ಖಾಸಗಿ ಕಂಪನಿಯ ಮಾರಾಟ ವಿಭಾಗದಲ್ಲಿದ್ದರು, ಅವರಿಗೆ 92,000. ಒಬ್ಬಳೇ ಮಗಳು, ಪಿಯುಸಿ. ಇರುವುದಕ್ಕೊಂದು ಮನೆ, ಬಾಡಿಗೆಗೆ ಕೊಟ್ಟ ಇನ್ನೊಂದು ಫ್ಲ್ಯಾಟು, ಒಂದು ಕಾರು.

ಅವರ ಕಷ್ಟ ಏನು? ರಾತ್ರಿ ಒಂಬತ್ತಕ್ಕೆ ಅಮೆರಿಕದವರ ಜೊತೆ ಮೀಟಿಂಗ್ ಶುರು. ಮುಗಿಯುವುದು ಹನ್ನೊಂದೂವರೆಗೆ. ಆಮೇಲೆ ನಿದ್ದೆ ಬರುವುದಿಲ್ಲ, ಫೋನಿನಲ್ಲಿ ಏನಾದರೂ ನೋಡುತ್ತಾ ಏನಾದರೂ ಕೊಳ್ಳುತ್ತಾರೆ. ಭಾನುವಾರ ಸಂಜೆಯಾದರೆ ಎದೆ ಭಾರ. ಬಿಪಿ ಮಾತ್ರೆ ಶುರುವಾಗಿತ್ತು. "ನನಗೇನು ಬೇಕು ಅನ್ನೋದ ಮರ್ತಹೋಗೇದ್ರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಸೂತಿ ಮಾಡಬೇಕು ಅನ್ನಿಸ್ತದ" ಅಂದರು.

ಅವರ ತಾಯಿ ಕಸೂತಿ ಹಾಕುತ್ತಿದ್ದರು. ಧಾರವಾಡದ ಕಡೆ ಕಸೂತಿ ಮನೆಮನೆಯ ಕೆಲಸ. ಇಳಕಲ್ ಸೀರೆಯ ಮೇಲೆ, ಖಣದ ಕುಪ್ಪಸದ ಮೇಲೆ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ. ಶಾರದಾ ಹತ್ತನೇ ಕ್ಲಾಸಿನವರೆಗೂ ಅವ್ವನ ಪಕ್ಕ ಕೂತು ಕಲಿತಿದ್ದರು. ಆಮೇಲೆ ಓದು, ಕೆಲಸ, ಸಂಸಾರ. ಸೂಜಿ ಹಿಡಿದು ಮೂವತ್ತು ವರ್ಷ ಆಗಿತ್ತು.

ಎರಡು ಸಂಬಳ ಎಲ್ಲಿ ಹೋಗುತ್ತಿತ್ತು

ಮನೆಗೆ ತಿಂಗಳಿಗೆ 2,77,000 ಬರುತ್ತಿತ್ತು. ತಿಂಗಳ ಕೊನೆಗೆ ಪಿಎಫ್ ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ. ಮೊದಲ ಮನೆಯ ಸಾಲದ ಕಂತು 31,000. ಎರಡನೇ ಫ್ಲ್ಯಾಟಿನದು 41,800. ಕಾರಿನದು 22,300. ಮೂರೂ ಸೇರಿ 95,000 ದಾಟಿತು. ಕ್ರೆಡಿಟ್ ಕಾರ್ಡಿಗೆ 60ರಿಂದ 70 ಸಾವಿರ. ಮಿಕ್ಕಿದ್ದು ಮಗಳ ಓದು, ದಿನಸಿ, ಅಪಾರ್ಟ್‌ಮೆಂಟಿನ ಮೇಂಟೆನೆನ್ಸು, ಕೆಲಸದವರು, ಊರಿನ ಮದುವೆ–ಮುಂಜಿ.

ಎರಡನೇ ಫ್ಲ್ಯಾಟಿನ ಸ್ಟೇಟ್‌ಮೆಂಟ್ ನೋಡಿ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. 2021ರ ಜುಲೈನಲ್ಲಿ 75 ಲಕ್ಷಕ್ಕೆ ಕೊಂಡಿದ್ದರು. ಕೈಯಿಂದ 20 ಲಕ್ಷ, ನೋಂದಣಿ ಖರ್ಚು ಸುಮಾರು 5 ಲಕ್ಷ, ಸಾಲ 55 ಲಕ್ಷ, 20 ವರ್ಷಕ್ಕೆ. ಬಡ್ಡಿ ಆಗ ಶೇ. 6.75. ಕಂತು 41,800. ಆದರೆ 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೋ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರಿಸುತ್ತಾ ಹೋಯಿತು. ಶೇ. 4 ಇದ್ದದ್ದು 2023ರ ಫೆಬ್ರವರಿಗೆ ಶೇ. 6.5 ಆಯಿತು. ಇವರ ಸಾಲದ ಬಡ್ಡಿಯೂ ಅದರ ಬೆನ್ನಿಗೇ ಏರಿ ಶೇ. 9.25ಕ್ಕೆ ಬಂದಿತ್ತು. ಬ್ಯಾಂಕು ಕಂತನ್ನು ಏರಿಸದೆ ಅವಧಿಯನ್ನು ಎಳೆದಿತ್ತು. ಹಾಗಾಗಿ ಇವರಿಗೆ ಗೊತ್ತೇ ಆಗಿರಲಿಲ್ಲ. ಆ ತಿಂಗಳು ಕಟ್ಟಿದ 41,800ರಲ್ಲಿ 40,900 ಬಡ್ಡಿಗೇ ಹೋಗಿತ್ತು. ಅಸಲಿಗೆ ಸೇರಿದ್ದು 900 ರೂಪಾಯಿ.

ಆ ಫ್ಲ್ಯಾಟಿಗೆ ಬರುವ ಬಾಡಿಗೆ 22,000. ಮೇಂಟೆನೆನ್ಸು, ತೆರಿಗೆ, ಆಗಾಗಿನ ರಿಪೇರಿ ಕಳೆದರೆ ಹದಿನೇಳು ಸಾವಿರ. ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 25,000 ರೂಪಾಯಿಯನ್ನು ಶಾರದಾ ರಾತ್ರಿ ಹನ್ನೊಂದೂವರೆವರೆಗೆ ದುಡಿದು ಆ ಫ್ಲ್ಯಾಟಿಗೆ ಹಾಕುತ್ತಿದ್ದರು. ಅದೇ ಜಾಗದಲ್ಲಿ ಅವರ ಪ್ರಶ್ನೆ ನನಗೆ ಬೇರೆ ಥರ ಕಾಣಿಸಿತು. ಕೆಲಸ ಬಿಡಬಹುದಾ ಅನ್ನುವುದು ಆಮೇಲಿನ ಮಾತು. ಬಿಡೋಕೆ ಬಿಡದೆ ಹಿಡಿದಿರೋದು ಯಾವುದು ಅನ್ನುವುದು ಮೊದಲನೆಯದು.

ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದ ದಿನ

ಮುಂದಿನ ವಾರ ಅವರ ಮನೆಗೆ ಹೋದೆ. ಮನೆಯಲ್ಲಿ ಏನೇನಿದೆ ಅಂತ ಬರೆದುಕೊಳ್ಳೋಣ ಅಂದೆ. ಇದು ನಾನು ಎಲ್ಲರ ಮನೆಯಲ್ಲೂ ಮಾಡಿಸುವ ಕೆಲಸ. ಅಟ್ಟದ ಮೇಲೆ ಮೂರು ಮಿಕ್ಸಿ, ಎರಡು ಸಲವಷ್ಟೇ ಬಳಸಿದ ಓವನ್ನು, ಬ್ರೆಡ್ ಮಾಡುವ ಯಂತ್ರ. ಬಾಲ್ಕನಿಯಲ್ಲಿ ಟ್ರೆಡ್‌ಮಿಲ್ಲು, ಅದರ ಮೇಲೆ ಒಣಗಲು ಹಾಕಿದ ಟವೆಲ್ಲು. ಬೀರುವಿನಲ್ಲಿ 112 ಸೀರೆ. ಅದರಲ್ಲಿ 31 ಸೀರೆಗೆ ಫಾಲ್ ಕೂಡ ಹಚ್ಚಿರಲಿಲ್ಲ, ಬೆಲೆಯ ಚೀಟಿ ಹಾಗೇ ಇತ್ತು.

ಬೇರೆಯವರ ಮನೆಯಲ್ಲಿ ಪಟ್ಟಿ ಮಾಡಿ ನಿಲ್ಲಿಸುತ್ತಿದ್ದೆ. ಇವರದು ಬಹುಪಾಲು ಆನ್‌ಲೈನ್ ಖರೀದಿ, ಫೋನಿನಲ್ಲಿ ಎಲ್ಲದಕ್ಕೂ ತಾರೀಖು ಇತ್ತು. ಸುಮ್ನೆ ತಾರೀಖಿನ ಪ್ರಕಾರ ಬರೆಯುತ್ತಾ ಹೋದೆವು. ನಾಲ್ಕು ವರ್ಷದಲ್ಲಿ ಫ್ಲ್ಯಾಟು, ಕಾರು ಬಿಟ್ಟು ಒಂಬತ್ತು ಲಕ್ಷದ ಸಾಮಾನು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ 2021ರ ಜೂನ್‌ನಿಂದ 2022ರ ಮಾರ್ಚ್‌ವರೆಗಿನ ಹತ್ತು ತಿಂಗಳಲ್ಲಿ ಬಂದದ್ದು. ಫ್ಲ್ಯಾಟು ಅದೇ ಜುಲೈನಲ್ಲಿ. ಕಾರು ಅದೇ ಜನವರಿಯಲ್ಲಿ.

ಶಾರದಾ ಪೆನ್ನು ಕೆಳಗಿಟ್ಟರು. "ಅವ್ವ ತೀರಿಕೊಂಡಿದ್ದು ಮೇ ತಿಂಗಳದಾಗ್ರಿ" ಅಂದರು.

ಕೋವಿಡ್ಡಿನ ಎರಡನೇ ಅಲೆ. 2021ರ ಮೇ 10ರಿಂದ ರಾಜ್ಯದಲ್ಲಿ ಕಟ್ಟುನಿಟ್ಟಿನ ಲಾಕ್‌ಡೌನ್ ಇತ್ತು. ಮನೆಯಲ್ಲಿ ಮಹೇಶ್‌ಗೂ ಜ್ವರ. ಧಾರವಾಡಕ್ಕೆ ಹೋಗಲಾಗಲಿಲ್ಲ. ಅವ್ವನ ಮುಖವನ್ನು ಅಣ್ಣನ ಫೋನಿನಲ್ಲಿ ನೋಡಿದ್ದು. ಆಮೇಲೆ ಆಫೀಸಿನ ಕೆಲಸ ಮನೆಯಿಂದಲೇ ನಡೆಯುತ್ತಿತ್ತು, ಒಂದು ವಾರವೂ ರಜೆ ಹಾಕಲಿಲ್ಲ. ಆ ಹತ್ತು ತಿಂಗಳು ಮನೆಗೆ ದಿನವೂ ಪಾರ್ಸೆಲ್ ಬರುತ್ತಿತ್ತು. ಬಾಗಿಲು ಬಡಿದ ಸದ್ದು ಕೇಳಿದರೆ ಏನೋ ಒಂದು ಸಮಾಧಾನ ಅಂತ ಅವರೇ ಹೇಳಿದರು.

ಈ ಇಡೀ ಪ್ರಕರಣದಲ್ಲಿ ದೊಡ್ಡ ತಿರುವು ಇದೇ ಅಂತ ನನ್ನ ನಂಬಿಕೆ. ಫ್ಲ್ಯಾಟು ಮಾರಿದ್ದಲ್ಲ, ಕೆಲಸ ಬದಲಿಸಿದ್ದಲ್ಲ. ದುಂದು ಖರ್ಚಿನವಳು ಅಂತ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದ ಹೆಂಗಸು ಅಂದು ಮೊದಲ ಸಲ ಅವ್ವನಿಗಾಗಿ ನನ್ನೆದುರು ಅತ್ತರು. ಖರ್ಚಿನ ಪಟ್ಟಿಯನ್ನು ನಾವು ಸಾಮಾನ್ಯವಾಗಿ ದಿನಸಿ, ಬಟ್ಟೆ, ಪೆಟ್ರೋಲು ಅಂತ ವಿಂಗಡಿಸುತ್ತೇವೆ. ತಾರೀಖಿನ ಪ್ರಕಾರವೂ ಒಂದು ಸಲ ಜೋಡಿಸಿ ನೋಡಿ ಅಂತ ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಮೊದಲ ಪ್ರಯತ್ನ: ಕಸೂತಿಯನ್ನೂ ಕೊಂಡು ತಂದದ್ದು

ಅಷ್ಟಾದರೂ ಹಳೆಯ ರೂಢಿ ಒಂದೇ ದಿನದಲ್ಲಿ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಅವರು ಕಸೂತಿ ಶುರು ಮಾಡಿದರು. ಹೇಗೆ? ಆನ್‌ಲೈನ್ ಕ್ಲಾಸಿಗೆ 8,500. ಮರದ ಫ್ರೇಮು ನಾಲ್ಕು ಅಳತೆಯವು. ದಾರ 120 ಬಣ್ಣ. ಭೂತಗನ್ನಡಿ ಇರುವ ದೀಪ. ಎಲ್ಲ ಸೇರಿ 38,000. ಇಡಲು ಒಂದು ಹೊಸ ಕಪಾಟು ಬೇರೆ.

ಎರಡು ತಿಂಗಳಲ್ಲಿ ಹಾಕಿದ್ದು ಎರಡು ಇಂಚು ಕಸೂತಿ. ಕ್ಲಾಸು ಇದ್ದದ್ದು ರಾತ್ರಿ ಎಂಟಕ್ಕೆ, ಒಂಬತ್ತಕ್ಕೆ ಮೀಟಿಂಗು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಫೋನು. ಸಾಮಾನು ಬಂದ ದಿನ ಆದ ಖುಷಿ ಕಸೂತಿ ಹಾಕುವಾಗ ಆಗಲಿಲ್ಲ ಅಂತ ಬೇಜಾರು ಮಾಡಿಕೊಂಡರು. ನಾನು ಏನೂ ಹೇಳಲಿಲ್ಲ. ಅವರಿಗೇ ಕಾಣಿಸುತ್ತಿತ್ತು.

ಎರಡನೇ ಪ್ರಯತ್ನ: ಬಿಟ್ಟ ಹಾಗೆ ಆರು ತಿಂಗಳು

ಮೇ ತಿಂಗಳಿಂದ ಒಂದು ಪರೀಕ್ಷೆ ಮಾಡೋಣ ಅಂದೆ. ಕೆಲಸ ಬಿಡಬೇಡಿ, ಬಿಟ್ಟ ಹಾಗೆ ಬದುಕಿ. ಮನೆ ಖರ್ಚು ಪೂರ್ತಿ ಮಹೇಶ್ ಅವರ 92,000ದಲ್ಲಿ ನಡೆಯಬೇಕು. ಕಂತುಗಳು ಶಾರದಾ ಸಂಬಳದಿಂದ. ಕಂತು ಹೋಗಿ ಉಳಿದ 90,000 ಬೇರೆ ಖಾತೆಗೆ. ಆ ಖಾತೆಯ ಕಾರ್ಡು ಬೀರುವಿನ ಲಾಕರಿನಲ್ಲಿ.

ಮೊದಲ ತಿಂಗಳೇ 26,000 ತೆಗೆದರು. ಎರಡನೇ ತಿಂಗಳು ಮಗಳ ಕಾಲೇಜು ಶುಲ್ಕ ಬಂತು, 60,000 ತೆಗೆದರು. ಶಾರದಾ ಸೋತೆ ಅಂದರು. ಅದು ಅವರ ಸೋಲಲ್ಲ, ನನ್ನ ತಪ್ಪು. ವರ್ಷಕ್ಕೊಮ್ಮೆ ಬರುವ ಖರ್ಚನ್ನು ನಾನು ತಿಂಗಳ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಶುಲ್ಕ, ವಿಮೆಯ ಕಂತು, ಆಸ್ತಿ ತೆರಿಗೆ, ಕಾರಿನ ಸರ್ವಿಸು, ಹಬ್ಬ, ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದೆವು. ತಿಂಗಳಿಗೆ 19,000 ಬಂತು. ಅದನ್ನು ಮೊದಲೇ ಎತ್ತಿಡಲು ಶುರು ಮಾಡಿದ ಮೇಲೆ ಆಗಸ್ಟಿನಿಂದ ಲೆಕ್ಕ ನಿಂತಿತು. ಕ್ರೆಡಿಟ್ ಕಾರ್ಡನ್ನು ಫೋನಿನ ಎಲ್ಲ ಅಂಗಡಿಗಳಿಂದ ಅಳಿಸಿದರು. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ರಾತ್ರಿ ಹನ್ನೆರಡಕ್ಕೆ ಎದ್ದು ಹೋಗಿ ಬ್ಯಾಗಿನಿಂದ ಕಾರ್ಡು ತಂದು ಹದಿನಾರು ಅಂಕಿ ಒತ್ತಬೇಕು ಅಂದಾಗ ಅರ್ಧ ಖರೀದಿ ಅಲ್ಲೇ ನಿಂತುಹೋಯಿತು.

ಅಕ್ಟೋಬರ್ ಕೊನೆಗೆ ಆ ಖಾತೆಯಲ್ಲಿ 4,40,000 ಇತ್ತು. ಅದಕ್ಕಿಂತ ಮುಖ್ಯವಾಗಿ ಒಂದು ಸಂಗತಿ ಗೊತ್ತಾಯಿತು. ಈ ಮನೆ ಒಂದೇ ಸಂಬಳದಲ್ಲಿ ನಡೆಯುತ್ತದೆ. ಕಂತುಗಳು ಮಾತ್ರ ನಡೆಯುವುದಿಲ್ಲ.

ಧಾರವಾಡದ ನಾಲ್ಕು ದಿನ

ಆ ನಡುವೆ ಗಣೇಶನ ಹಬ್ಬಕ್ಕೆ ಊರಿಗೆ ಹೋದರು. ಬೆಂಗಳೂರಿನಿಂದ ಧಾರವಾಡಕ್ಕೆ ವಂದೇ ಭಾರತ್ ರೈಲು ಆ ವರ್ಷ ಜೂನ್‌ನಲ್ಲಷ್ಟೇ ಶುರುವಾಗಿತ್ತು. ತೌರುಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಾರೆ, ಅವ್ವನ ಗೆಳತಿ. ಈಗಲೂ ಬೆಳಗಿನ ಬೆಳಕಿನಲ್ಲಿ ಕಟ್ಟೆಯ ಮೇಲೆ ಕೂತು ಕಸೂತಿ ಹಾಕುತ್ತಾರೆ. ಶಾರದಾ ತಮ್ಮ ಫ್ರೇಮು, ದಾರದ ಪೆಟ್ಟಿಗೆ ಎಲ್ಲ ಹೊತ್ತುಕೊಂಡು ಹೋಗಿದ್ದರು. ಅಜ್ಜಿ ಅದನ್ನೆಲ್ಲ ಪಕ್ಕಕ್ಕೆ ಸರಿಸಿ, ಎಳೆ ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯ ಅಂಗೈ ಅಗಲದ ಒಂದು ತುಂಡು, ಒಂದು ಸೂಜಿ, ಕೆಂಪು ದಾರ ಕೊಟ್ಟರಂತೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡು ಹೋಗಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಥರದ ಹೊಲಿಗೆ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಆಗ ಬಟ್ಟೆಯ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮೆಂತಿ ಅಂದರೆ ಗುಣಾಕಾರದ ಗುರುತಿನ ಹಾಗೆ ಅಡ್ಡಡ್ಡ. ಶಾರದಾ ದಾರದ ತುದಿಗೆ ಗಂಟು ಹಾಕಲು ಹೋದಾಗ ಅಜ್ಜಿ ಕೈ ಹಿಡಿದರು. "ಗಂಟು ಹಾಕಬ್ಯಾಡವಾ. ಗಂಟು ಹಾಕಿದ್ರ ಹಿಂದ ಕಾಣ್ತದ. ತುದಿ ಹೊಲಿಗಿ ಒಳಗ ಮುಚ್ಚು. ನಿಮ್ಮವ್ವ ಹಂಗ ಮಾಡ್ತಿದ್ಲು."

ಎರಡನೇ ದಿನ ಒಂದು ಗೋಪುರ ಹಾಕಿದರು. ಮೇಲಿನ ತುದಿಗೆ ಬಂದಾಗ ಎರಡು ಕಡೆಯ ಗೆರೆ ಸೇರಲಿಲ್ಲ. ಎಲ್ಲೋ ಕೆಳಗೆ ಒಂದು ಎಳೆ ತಪ್ಪಿತ್ತು. ಅಜ್ಜಿ ಬೆರಳಿಟ್ಟು ತೋರಿಸಿದ್ದು ಮೂರನೇ ಹೊಲಿಗೆಯನ್ನು. "ಬಿಚ್ಚು" ಅಂದರಂತೆ. ಪೂರ್ತಿ ಬಿಚ್ಚಿದರು. ಮತ್ತೆ ಹಾಕಿದರು. ನಾಲ್ಕು ದಿನ ಫೋನು ಅಟ್ಟದ ಮೇಲೆ ಇತ್ತು. ವಾಪಸ್ ಬಂದವರ ಮುಖ ನೋಡಿಯೇ ನನಗೆ ಗೊತ್ತಾಯಿತು. ಹೊಸ ಕಪಾಟಿನ ದಾರಗಳನ್ನು ತಮ್ಮ ಬೀದಿಯ ಟೈಲರ್ ಒಬ್ಬರಿಗೆ ಕೊಟ್ಟುಬಿಟ್ಟರು. ಆರು ಬಣ್ಣ ಇಟ್ಟುಕೊಂಡರು.

ಫ್ಲ್ಯಾಟಿನ ವಿಷಯ

ಎರಡನೇ ಫ್ಲ್ಯಾಟು ಮಾರಿದರೆ ಎಲ್ಲ ಸಾಲ ತೀರುತ್ತದೆ ಅಂತ ನನ್ನ ಲೆಕ್ಕ ಹೇಳುತ್ತಿತ್ತು. ಮಹೇಶ್ ಒಪ್ಪಲಿಲ್ಲ. "ಬೆಂಗಳೂರಲ್ಲಿ ಆಸ್ತಿ ಮಾರಿದವರು ಆಮೇಲೆ ಅತ್ತವರೇ, ಮೇಡಂ. ರೇಟು ಏರುತ್ತೆ. ಸ್ವಲ್ಪ ತಡ್ಕೊಂಡ್ರೆ ಆಯ್ತು." ನಾನು ಬಡ್ಡಿಯ ಲೆಕ್ಕ ತೋರಿಸಿದೆ. ಬಾಡಿಗೆಯ ಲೆಕ್ಕ ತೋರಿಸಿದೆ. ಅವರು ತಲೆಯಾಡಿಸುತ್ತಿದ್ದರು, ಒಪ್ಪುತ್ತಿರಲಿಲ್ಲ. ಎರಡು ತಿಂಗಳು ಹೀಗೇ ಹೋಯಿತು. ಗಂಡ ಹೆಂಡತಿ ಮಾತು ಬಿಡುವ ಹಂತಕ್ಕೂ ಬಂತು.

ಒಂದು ದಿನ ಲೆಕ್ಕದ ಹಾಳೆ ಬದಿಗಿಟ್ಟು ಅವರ ಬಾಲ್ಯದ ಬಗ್ಗೆ ಕೇಳಿದೆ. ಅವರು ಬೆಂಗಳೂರಲ್ಲೇ ಬೆಳೆದವರು. ತಂದೆ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹದಿನೆಂಟು ವರ್ಷದೊಳಗೆ ಏಳು ಬಾಡಿಗೆ ಮನೆ. ಒಂದು ಸಲ ಪರೀಕ್ಷೆಯ ಹಿಂದಿನ ದಿನ ಓನರ್ ಸಾಮಾನು ಹೊರಗಿಡಿಸಿದ್ದರು. ಅಮ್ಮ ಪಾತ್ರೆಯ ಮೂಟೆಯ ಮೇಲೆ ಕೂತಿದ್ದದ್ದು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಫ್ಲ್ಯಾಟು ಅವರಿಗೆ ಹೂಡಿಕೆ ಆಗಿರಲಿಲ್ಲ. ಮಗಳನ್ನು ಯಾರೂ ಹೊರಗೆ ಹಾಕಬಾರದು ಅನ್ನುವ ಭಯ ಅದು. ಇದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಒಂದು ಮನೆಯ ಲೆಕ್ಕ ನೋಡುವಾಗ ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿದರೆ ಹೀಗೆ ಆಗುತ್ತದೆ.

ಅಂದು ಹೊಸ ಪ್ರಶ್ನೆ ಇಟ್ಟೆ. ಸಾಲದಲ್ಲಿರುವ ಎರಡು ಮನೆ ಬೇಕೋ, ಸಾಲವೇ ಇಲ್ಲದ ಒಂದು ಮನೆ ಬೇಕೋ? ನಾಳೆ ನಿಮ್ಮ ಇಬ್ಬರ ಕೆಲಸವೂ ಹೋಯಿತು ಅಂತಿಟ್ಟುಕೊಳ್ಳಿ. ಯಾರೂ ಬಂದು ಬಾಗಿಲು ತಟ್ಟದ ಮನೆ ಯಾವುದು? ಮಹೇಶ್ ತುಂಬ ಹೊತ್ತು ಸುಮ್ಮನಿದ್ದರು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿ, ಬ್ರೋಕರ್ ಹತ್ತಿರ ಮಾತಾಡಿದ್ದೇನೆ ಅಂದರು.

2024ರ ಫೆಬ್ರವರಿಯಲ್ಲಿ 85 ಲಕ್ಷಕ್ಕೆ ಮಾರಾಟ ಆಯಿತು. 75ಕ್ಕೆ ಕೊಂಡು 85ಕ್ಕೆ ಮಾರಿದ್ದು ಲಾಭದ ಹಾಗೆ ಕಾಣುತ್ತದೆ. ನೋಂದಣಿ ಖರ್ಚು, ಎರಡೂವರೆ ವರ್ಷದ ಬಡ್ಡಿ ಸೇರಿಸಿದರೆ ಲಾಭ ಇಲ್ಲ, ನಷ್ಟವೇ. ಆಗ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ತೋರಿಸುವ ನಿಯಮ ಇತ್ತು. ಸೂಚ್ಯಂಕ 2021–22ಕ್ಕೆ 317, 2023–24ಕ್ಕೆ 348. ನೋಂದಣಿ ಖರ್ಚನ್ನೂ ಸೇರಿಸಿ ಹಾಗೆ ಹಾಕಿದಾಗ ಕೊಂಡ ಬೆಲೆಯೇ 87 ಲಕ್ಷ ದಾಟಿತು, ತೆರಿಗೆ ಬರಲಿಲ್ಲ. ಈಗ ಮಾರುವವರು ಗಮನಿಸಬೇಕು: 2024ರ ಜುಲೈ 23ರಿಂದ ಈ ನಿಯಮ ಬದಲಾಗಿದೆ.

ಆ ಸಾಲ ಮುಗಿಸಿ ಕೈಗೆ ಬಂದದ್ದು ಸುಮಾರು 31 ಲಕ್ಷ. ಮೊದಲ ಮನೆಯ ಬಾಕಿ 12 ಲಕ್ಷ ತೀರಿಸಿದರು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕಾರಿನ ಸಾಲ 7 ಲಕ್ಷ, ಅದಕ್ಕೆ ಮಾತ್ರ ಸ್ವಲ್ಪ ಶುಲ್ಕ ಕಟ್ಟಬೇಕಾಯಿತು. ಉಳಿದ 12 ಲಕ್ಷ ಮಗಳ ಓದಿಗೆ ಮತ್ತು ಆಪತ್ತಿಗೆ ಅಂತ ಠೇವಣಿ. ಮಾರ್ಚ್ ತಿಂಗಳಲ್ಲಿ ಕಂತು ಸೊನ್ನೆ. ಮೊದಲ ಮನೆಯ ಮೂಲ ಕಾಗದಪತ್ರ ಬ್ಯಾಂಕಿನಿಂದ ವಾಪಸ್ ತಂದ ದಿನ ಮಹೇಶ್ ಅದನ್ನು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿದರು.

ಹವ್ಯಾಸ ಮತ್ತೆ ಆಫೀಸಾದದ್ದು

ಇನ್ನು ಕೆಲಸ ಬಿಡುತ್ತಾರೆ ಅಂದುಕೊಂಡಿದ್ದೆ. ಬಿಡುವ ಮುಂಚೆ ಅವರಿಗೊಂದು ಆಸೆ ಹುಟ್ಟಿತು. ಕಸೂತಿಯಿಂದಲೇ ತಿಂಗಳಿಗೆ 40,000 ದುಡಿದರೆ? ಏಪ್ರಿಲ್‌ನಲ್ಲಿ ಒಂದು ಬಟ್ಟೆ ಅಂಗಡಿಯವರು 14 ಕುಪ್ಪಸದ ಪೀಸು ಕೊಟ್ಟರು, ಆರು ವಾರದ ಗಡುವು. ಒಂದಕ್ಕೆ 1,800 ರೂಪಾಯಿ. ಒಂದೊಂದಕ್ಕೂ 35ರಿಂದ 40 ಗಂಟೆ ಹಿಡಿಯಿತು. ಗಂಟೆಗೆ ಹೆಚ್ಚೆಂದರೆ 51 ರೂಪಾಯಿ.

ರಾತ್ರಿ ಮೀಟಿಂಗ್ ಮುಗಿಸಿ ಒಂದೂವರೆವರೆಗೆ ಸೂಜಿ. ಮಣಿಕಟ್ಟು ಊದಿತು. ಎಣಿಕೆ ತಪ್ಪಿದರೂ ಬಿಚ್ಚಲು ಪುರುಸೊತ್ತಿಲ್ಲ, ಹೇಗೋ ಹೊಂದಿಸಿ ಮುಂದೆ ಹೋದರು. ಎಂಟು ಪೀಸು ಮುಗಿಸಿದ ಮೇಲೆ ಒಂದನ್ನು ತಿರುಗಿಸಿ ನೋಡಿದರಂತೆ. ಹಿಂದೆ ಗಂಟುಗಳು. ಉಳಿದ ಆರು ಪೀಸನ್ನು ಮುಂಗಡದ ಸಮೇತ ವಾಪಸ್ ಕೊಟ್ಟರು.

ಆಗ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಧಾರವಾಡದಲ್ಲಿ ಇದರಿಂದಲೇ ಮನೆ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಬೇರೆ ಸಂಬಳ ಇರುವ ನಾನು 1,800ಕ್ಕೆ ಒಪ್ಪಿಕೊಂಡರೆ ಅವರಿಗೆ ಯಾರು 3,000 ಕೊಡುತ್ತಾರೆ? ಇದು ನ್ಯಾಯದ ಮಾತು. ಇಷ್ಟದ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಳ್ಳಿ ಅಂತ ಎಲ್ಲರೂ ಹುರಿದುಂಬಿಸುತ್ತಾರೆ, ಅಲ್ವಾ? ಕೆಲವರಿಗೆ ಅದು ಸರಿ ಇರಬಹುದು. ಶಾರದಾಗೆ ಬೇಕಿದ್ದದ್ದು ಯಾರೂ ಗಡುವು ಹಾಕದ ಒಂದು ಕೆಲಸ.

ಕೊನೆಗೆ ತೆಗೆದುಕೊಂಡ ತೀರ್ಮಾನ

ಕೆಲಸವನ್ನು ಪೂರ್ತಿ ಬಿಡುವುದು ಅವರಿಗೆ ಬೇಕಿರಲಿಲ್ಲ ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು. ತಪ್ಪು ಹುಡುಕುವ ಆ ಕೆಲಸ ಅವರಿಗೆ ಇಷ್ಟವೇ. ಬೇಡವಾಗಿದ್ದದ್ದು ರಾತ್ರಿಯ ಮೀಟಿಂಗು ಮತ್ತು ಹದಿನಾರು ಜನರ ವರದಿ ಬರೆಯುವುದು. ಜೂನ್‌ನಲ್ಲಿ ವಾರಕ್ಕೆ ಮೂರು ದಿನದ ಕೆಲಸ ಕೇಳಿದರು. ಕಂಪನಿಯವರು ನಿಯಮ ಇಲ್ಲ ಅಂದರು. ಹುಡುಕಿದರು. ನಾಲ್ಕು ಕಡೆ ಇಲ್ಲ ಅಂದಮೇಲೆ ಒಂದು ಚಿಕ್ಕ ಸಂಸ್ಥೆ ಒಪ್ಪಿತು. ವಾರಕ್ಕೆ ಮೂರು ದಿನ, ತಿಂಗಳಿಗೆ 82,000, ಹಗಲು ಮಾತ್ರ.

ಹೊರಡುವ ಮುಂಚೆ ಮಾಡಿಸಿದ ಎರಡು ಕೆಲಸ ಹೇಳಲೇಬೇಕು. ಒಂದು, ಆರೋಗ್ಯ ವಿಮೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಬಿಪಿ ಇರುವವರು ಹೊಸ ವಿಮೆ ಕೊಂಡರೆ ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಆ ಗರಿಷ್ಠ ಅವಧಿಯನ್ನು 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿದ್ದಾರೆ. ಆದರೂ ಕಡಿಮೆಯಲ್ಲ. ಹಾಗಾಗಿ ಕೆಲಸದಲ್ಲಿದ್ದಾಗಲೇ, 2023ರ ನವೆಂಬರ್‌ನಲ್ಲಿ, ಬೇರೆ ವಿಮೆ ಮಾಡಿಸಿದ್ದರು. ಎರಡನೆಯದು ಗ್ರಾಚ್ಯುಟಿ, ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು. ಮೂಲ ವೇತನ 90,000, ಸೇವೆ 11 ವರ್ಷ. 15ರಿಂದ ಗುಣಿಸಿ 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿದರೆ 5,71,000. ಅಷ್ಟು ಬರುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಪಿಎಫ್ ಮುಟ್ಟಲಿಲ್ಲ.

2024ರ ನವೆಂಬರ್‌ನಿಂದ ಹೊಸ ಕೆಲಸ. ಮೊದಲ ಎರಡು ತಿಂಗಳು ಚೆನ್ನಾಗಿರಲಿಲ್ಲ. ಗುರುವಾರ ಬೆಳಗ್ಗೆ ಎದ್ದು ಏನು ಮಾಡಬೇಕೋ ತೋಚದೆ ಟಿವಿ ಹಾಕುತ್ತಿದ್ದರು. ಕೆಲಸ ಹೋಯಿತಂತೆ ಅಂತ ನೆಂಟರಲ್ಲಿ ಸುದ್ದಿ ಹಬ್ಬಿತು. ಮದುವೆಯೊಂದರಲ್ಲಿ ಯಾರೋ ಕನಿಕರದಿಂದ ಕೈ ಹಿಡಿದರಂತೆ, ಅವತ್ತು ಮನೆಗೆ ಬಂದು ಅತ್ತರು. ಹಳೆಯ ಆಫೀಸಿನ ಗೆಳತಿಯರ ಊಟದ ಕೂಟಕ್ಕೆ ಕರೆ ಬರುವುದು ನಿಂತಿತು. ಈ ನೋವುಗಳನ್ನು ನಾನು ಮೊದಲೇ ಅಂದಾಜು ಮಾಡಿರಲಿಲ್ಲ. ದುಡ್ಡಿನ ಲೆಕ್ಕ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಸೀರೆಗಳಲ್ಲಿ 40 ಇಟ್ಟುಕೊಂಡು ಉಳಿದದ್ದನ್ನು ಕೊಟ್ಟರು, ಕೆಲವನ್ನು ಮಾರಿದರು. ಬಿಪಿ ಮಾತ್ರೆ ಇನ್ನೂ ಇದೆ. ನಿದ್ದೆ ಬರುತ್ತದೆ.

ಈ ಪ್ರಕರಣದಿಂದ ಏನು ತೆಗೆದುಕೊಳ್ಳಬಹುದು

ಮೊದಲು ಒಂದು ಮಾತು. ಇವರಿಗೆ ಎರಡು ಸಂಬಳ ಇತ್ತು, ಮಾರಲು ಒಂದು ಫ್ಲ್ಯಾಟು ಇತ್ತು. ಒಂದೇ ದುಡಿಮೆಯಲ್ಲಿ ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಓದಿಸುವವರ ಮುಂದೆ ಇದನ್ನು ಮಾದರಿ ಅಂತ ಇಡಲಾರೆ. ಅವರ ಸಮಸ್ಯೆ ಬೇರೆ, ಅದು ಸಂಬಳ ಸಾಲದಿರುವ ಸಮಸ್ಯೆ.

ಆದರೆ ಎರಡು ಸಂಬಳ ಇದ್ದೂ ಉಸಿರು ಕಟ್ಟಿದವರಿಗೆ ಇದರಲ್ಲಿ ಹಿಡಿದುಕೊಳ್ಳುವಂಥದ್ದು ಇದೆ. ಕೆಲಸ ಬಿಡುವ ಪ್ರಶ್ನೆಗಿಂತ ಮುಂಚೆ ಕಂತಿನ ಪ್ರಶ್ನೆ ಕೇಳಬೇಕು. ಶಾರದಾ 2023ರ ಮಾರ್ಚ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರೆ ಆರು ತಿಂಗಳಲ್ಲಿ ಯಾವುದಾದರೂ ಕೆಲಸಕ್ಕೆ, ಬಹುಶಃ ಇನ್ನೂ ಕಷ್ಟದ ಕೆಲಸಕ್ಕೆ, ವಾಪಸ್ ಹೋಗುತ್ತಿದ್ದರು. ಪರೀಕ್ಷೆ ಮಾಡಿ ನೋಡಿದ್ದರಿಂದ ಊಹೆಯ ಜಾಗಕ್ಕೆ ಅಂಕಿ ಬಂತು. ಸಾಮಾನಿನ ಹಿಂದೆ ಏನಿದೆ ಅಂತ ನೋಡದೆ ಸಾಮಾನು ಕಡಿಮೆ ಮಾಡಲಾಗುವುದಿಲ್ಲ. ಶಾರದಾ ವಿಷಯದಲ್ಲಿ ಅದು ದುಃಖ, ಮಹೇಶ್ ವಿಷಯದಲ್ಲಿ ಭಯ. ಎರಡನ್ನೂ ಅತಿಯಾಸೆ ಅಂತ ತಳ್ಳಿಹಾಕಿದ್ದರೆ ಆ ಮನೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಇನ್ನು ಇಷ್ಟದ ಕೆಲಸ. ಕೊಂಡು ತಂದಾಗಲೂ ಅದು ಸಿಗಲಿಲ್ಲ, ಮಾರಲು ಹೋದಾಗಲೂ ಸಿಗಲಿಲ್ಲ. ಸಿಕ್ಕಿದ್ದು ಧಾರವಾಡದ ಕಟ್ಟೆಯ ಮೇಲೆ, ಬಿಚ್ಚು ಅಂತ ಹೇಳುವವರು ಪಕ್ಕದಲ್ಲಿದ್ದಾಗ. ಅವರು ಈಗಲೂ ಎರಡು ತಿಂಗಳಿಗೊಮ್ಮೆ ಅಜ್ಜಿಯ ಹತ್ತಿರ ಹೋಗಿ ಬರುತ್ತಾರೆ.

ಮೊನ್ನೆ ಸಂಕ್ರಾಂತಿಗೆ ಎಳ್ಳು ಬೀರಲು ಅವರ ಮನೆಗೆ ಹೋಗಿದ್ದೆ. ಕಪ್ಪು ಇಳಕಲ್ ಸೀರೆ, ಚಂದ್ರಕಾಳಿ, ತೊಡೆಯ ಮೇಲೆ ಹರಡಿತ್ತು. ಒಂದು ವರ್ಷದಿಂದ ಹಾಕುತ್ತಿದ್ದಾರೆ, ಸೆರಗಿನ ಹತ್ತಿರ ಒಂದು ಸಾಲು ತೇರು ಮುಗಿದಿದೆ. ಯಾರಿಗೆ ಅಂತ ಕೇಳಿದೆ. ಇನ್ನೂ ಗೊತ್ತಿಲ್ಲ ಅಂದರು. ಮೂರು ಸಂಜೆ ಕೂತು ಹಾಕಿದ ಒಂದು ಗೋಪುರವನ್ನು ಬಿಚ್ಚುತ್ತಿದ್ದರು, ಎಲ್ಲೋ ಒಂದು ಎಳೆ ತಪ್ಪಿತ್ತು. ಮಹೇಶ್ ಸೋಫಾದಲ್ಲಿ ಫೋನು ನೋಡುತ್ತಿದ್ದರು. ಮಾರಿದ ಫ್ಲ್ಯಾಟಿನ ರೇಟನ್ನು ಅವರು ಆಗಾಗ ನೋಡುತ್ತಾರೆ.

"ಅದೇ ಬ್ಲಾಕಲ್ಲಿ ಒಂದು ಕೋಟಿ ಐದು ಲಕ್ಷಕ್ಕೆ ಹೋಗಿದೆ, ನೋಡಿದ್ಯಾ" ಅಂದರು. ದನಿಯಲ್ಲಿ ನೋವಿತ್ತು.

ಶಾರದಾ ತಲೆ ಎತ್ತಲಿಲ್ಲ. ತುಟಿ ಅಲುಗುತ್ತಿತ್ತು.

"ಸ್ವಲ್ಪ ತಡೀರಿ, ಎಣಿಸಾಕತ್ತೀನಿ" ಅಂದರು.